ಮುಮ್ತಾಜಬಿಯ ಕಣ್ಣಿನ ಖರ್ಚು

ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಕೊಟ್ರಪ್ಪ ಪ್ರತಿ ಜುಲೈ ತಿಂಗಳು ರಾಣೆಬೆನ್ನೂರಿಗೆ ಹೋಗಿ, ತೆರಿಗೆ ಸಲಹೆಗಾರ್ತಿ ಐಶ್ವರ್ಯಳ ಮೇಜಿನ ಮೇಲೆ ರಸೀದಿಗಳ ಚೀಲ ಸುರಿಯುತ್ತಿದ್ದ. ಈ ಸಲವೂ ಸುರಿದ.

"ಇದು ಲಾರಿಗೆ ಬಿದ್ದ ದಂಡ. ಆದಾಯದಾಗ ಕಳದಬಿಡವಾ."

"ದಂಡಕ್ಕ ವಿನಾಯಿತಿ ಇಲ್ರಿ ಕಾಕಾ."

"ಗುಡಿ ಜೀರ್ಣೋದ್ಧಾರಕ್ಕ ಐದು ಸಾವಿರ, ರೋಖ ಕೊಟ್ಟೇನಿ."

"ನಗದು ಕೊಟ್ಟದ್ದು ಎರಡು ಸಾವಿರ ದಾಟಿದ್ರ ನಡ್ಯಂಗಿಲ್ರಿ."

ಕೊಟ್ರಪ್ಪ ಕೊನೆಗೆ ಹಾವೇರಿಯ ಕಣ್ಣಿನ ಆಸ್ಪತ್ರೆಯ ಬಿಲ್ಲು ತೆಗೆದ. ಇಪ್ಪತ್ತೆಂಟು ಸಾವಿರ.

"ಶಾರದವ್ವ ಕಾಕುಗ ಆಪರೇಷನ್ ಆತೇನ್ರಿ?"

"ನನ್ನ ಹೆಂಡ್ತಿಗಲ್ಲವಾ, ಮುಮ್ತಾಜಬಿಗೆ. ಮೆಣಸಿನಕಾಯಿ ತೊಟ್ಟು ಬಿಡಸಾಕಿ. ಕಣ್ಣಿಗೆ ಪೊರಿ ಬಂದು, ನಮ್ಮ ಅಂಗಡಿ ಮೆಟ್ಟಲ ಕಾಣದ ಬಿದ್ಲು. ನಾನ ಕರಕೊಂಡು ಹೋಗಿ ಮಾಡಿಸಿದೆ."

ಐಶ್ವರ್ಯ ಉತ್ಸಾಹದಿಂದ ಪೆನ್ನು ಹಿಡಿದಳು. "ನಿಮ್ಮ ಕೆಲಸದಾಕಿ ಆದ್ರ ಅಂಗಡಿ ಖರ್ಚಿನಾಗ ತೋರಸಾಕ ಬರತೈತೇನೋ ನೋಡೂಣು. ಪಗಾರದ ಪುಸ್ತಕ ತಂದೀರೇನು?"

ಕೊಟ್ರಪ್ಪ ಗಂಟಲು ಸರಿಮಾಡಿಕೊಂಡ. "ಆಕಿ ದುಡಿಯೂದು ಎದುರಿನ ಮಲ್ಲೇಶಪ್ಪನ ಅಂಗಡ್ಯಾಗ."

ಗಿರಾಕಿಯೊಬ್ಬನ ವಿಷಯಕ್ಕೆ ಜಗಳವಾಗಿ, ಮಲ್ಲೇಶಪ್ಪನಿಗೂ ಅವನಿಗೂ ಮೂರು ವರ್ಷದಿಂದ ಮಾತಿರಲಿಲ್ಲ. ಅದು ಗೊತ್ತಿದ್ದ ಐಶ್ವರ್ಯ ನಕ್ಕೇಬಿಟ್ಟಳು. "ಹಂಗಾದ್ರ ಇದು ನಿಮ್ಮ ಸ್ವಂತ ಖರ್ಚರಿ. ಒಂದು ರೂಪಾಯಿನೂ ಕಳ್ಯಾಕ ಬರಂಗಿಲ್ಲ."

"ನಮ್ಮ ಕೆಲಸದಾಕಿ ಅಂತ ಬರದ್ರ?"

"ಸುಳ್ಳಾಗತೈತ್ರಿ."

ಕೊಟ್ರಪ್ಪನಿಗೆ ನಾಚಿಕೆಯಾಯಿತು. ಕಣ್ಣಿನ ಪಟ್ಟಿ ಬಿಚ್ಚಿದ ದಿನ ಮುಮ್ತಾಜಬಿ ಅವನನ್ನು ದಿಟ್ಟಿಸಿ, "ಸಾವ್ಕಾರ್ರ, ನಿಮ್ಮ ಮೀಸಿ ಇಷ್ಟು ಬೆಳ್ಳಗಾಗ್ಯಾವೇನ್ರಿ!" ಎಂದದ್ದು ನೆನಪಾಗಿ ನಗುವೂ ಬಂತು.

"ಬಿಡವಾ, ತೆರಿಗಿ ಕಟ್ಟೂಣು" ಎಂದು ಅಲ್ಲೇ ಕಟ್ಟಿಸಿದ.

ಸಂಜೆ ಬ್ಯಾಡಗಿಗೆ ಮರಳಿದಾಗ ಮಲ್ಲೇಶಪ್ಪ ಅವನ ದಾರಿ ಕಾಯುತ್ತ ನಿಂತಿದ್ದ.

"ಕೊಟ್ರಣ್ಣ, ಆಪರೇಷನ್ ಆದಾಗ ನಾ ಊರಾಗ ಇರಲಿಲ್ಲ. ರೊಕ್ಕ ಕೊಟ್ಟಾವ ನೀ ಅಂತ ಮುಮ್ತಾಜಬಿ ಇವತ್ತ ಬಾಯಿಬಿಟ್ಟಳು. ನನ್ನ ಹತ್ರ ದುಡಿಯಾಕಿ, ನಾ ಕೊಡಬೇಕಾದ ಖರ್ಚು. ತಗೋ" ಎಂದು ಲಕೋಟೆ ಚಾಚಿದ.

ಕೊಟ್ರಪ್ಪ ಕೈ ಹಿಂದೆ ಕಟ್ಟಿಕೊಂಡ. "ಆ ರೊಕ್ಕದ ಮ್ಯಾಲ ಸರಕಾರಕ್ಕ ತೆರಿಗಿನೂ ಕಟ್ಟಿ ಬಂದೇನಿ. ಅದು ನನ್ನ ಖರ್ಚು, ಯಾರಿಗೂ ಬಿಟ್ಟುಕೊಡಂಗಿಲ್ಲ. ಆಕಿದು ಇನ್ನೊಂದು ಕಣ್ಣು ಉಳದೈತಿ. ಅದನ್ನ ನೀ ಮಾಡಸು."

ಮಲ್ಲೇಶಪ್ಪ ಲಕೋಟೆ ಕಿಸೆಗಿಟ್ಟುಕೊಂಡು, "ಹಂಗಾದ್ರ ಒಳಗ ಬಾ, ಚಾ ಕುಡಿಯೂಣು" ಎಂದ.

ಮುಂದಿನ ಸೋಮವಾರ ಮೂವರೂ ಕೊಟ್ರಪ್ಪನ ಕಾರಿನಲ್ಲಿ ಹಾವೇರಿಗೆ ಹೊರಟರು. ಮುಂದೆ ಕುಳಿತ ಇಬ್ಬರು ಮೂರು ವರ್ಷದ ಮಾತನ್ನೆಲ್ಲ ಆಡಿ ಮುಗಿಸುವವರಂತೆ ಮಾತಾಡುತ್ತಿದ್ದರು. ಹಿಂದಿನ ಸೀಟಿನಲ್ಲಿ ಮುಮ್ತಾಜಬಿ ಕಿಟಕಿಗೆ ಮುಖವಿಟ್ಟು, ದಾರಿಬದಿಯ ಒಂದೊಂದೇ ಬೋರ್ಡನ್ನು ನೋಡುತ್ತಿದ್ದಳು.