ಬ್ರೇಕಿನೊಳಗಿನ ಗಾಳಿ

ಶಿವಯೋಗೆಪ್ಪ ಹಿಂದಿನ ಗಾಲಿಗೆ ಒತ್ತಿಟ್ಟಿದ್ದ ಕಲ್ಲನ್ನು ಕಾಲಿನಿಂದ ಸರಿಸಿ, ಪಿಕಪ್ಪಿನ ಬಾಗಿಲು ಎಳೆದುಕೊಂಡು ಸ್ಟೇರಿಂಗ್ ಮುಂದೆ ಕೂತ. ಬ್ರೇಕ್ ಪೆಡಲನ್ನು ಒಮ್ಮೆ ತುಳಿದ. ಕಾಲು ತಳಕ್ಕೇ ಇಳಿಯಿತು. ಎರಡನೆಯ ಸಲ ಅರ್ಧಕ್ಕೆ ನಿಂತಿತು. ಮೂರನೆಯದಕ್ಕೆ ಗಟ್ಟಿಯಾಯಿತು.

"ಬ್ರೇಕ್ ಅದಾವು," ಎಂದು ಕಿಟಕಿಯಿಂದ ತಲೆ ಹೊರಹಾಕಿದ. "ಹಳೇ ಗಾಡಿ, ಹಳೇ ಮನಷ್ಯಾರಂಗ. ಮೂರು ಸಲ ಕರದ್ರ ಒಮ್ಮೆ ಓ ಅಂತೈತಿ."

ಒಳಬಾಗಿಲ ಪರದೆಯ ಹಿಂದೆ ನಿಂತಿದ್ದ ಹಸೀನಾ ಮೂರೂ ತುಳಿತ ಎಣಿಸಿದ್ದಳು.

ಅವಳ ಬೆನ್ನ ಹಿಂದೆ, ಪಡಸಾಲೆಯಲ್ಲಿ, ಗಂಡ ಮುರ್ತುಜಾಸಾಬ ಕಫನಿನ ಬಿಳಿ ಬಟ್ಟೆಯೊಳಗೆ ಮಲಗಿದ್ದ. ಮಧ್ಯಾಹ್ನದ ಜೋಹರ್ ನಮಾಜು ಮುಗಿದ ಮೇಲೆ ಹುಟ್ಟೂರು ನಿಡೋಣಿಗೆ ಒಯ್ಯಬೇಕು. ಅವನ ತಾಯಿಯ ಕಬರಿನ ಪಕ್ಕದಲ್ಲೇ ಅವನ ಜಾಗ. ಎರಡು ದಿನದಿಂದ ಮಳೆ. ಹೆಣ ಒಯ್ಯುವ ಜನಾಜಾ ವ್ಯಾನಿನವನು ಡಾಂಬರು ಮುಗಿದ ಮೇಲೆ ಒಂದು ಗಾಲಿಯನ್ನೂ ಮುಂದಿಡುವುದಿಲ್ಲ ಎಂದು ಫೋನಿನಲ್ಲೇ ಹೇಳಿಬಿಟ್ಟಿದ್ದ. ಅಲ್ಲಿಂದಾಚೆ ಎರೆಮಣ್ಣಿನ ಹಾದಿ, ಹಳ್ಳಕ್ಕೆ ಇಳಿಯುವ ಕಡಿದಾದ ಇಳಿಜಾರು, ಇಳಿಜಾರಿನ ತಿರುವಿನಲ್ಲಿ ಬಾವಿ. ನಾಲ್ಕೂ ಗಾಲಿ ಎಳೆಯುವ ಗಾಡಿಯಷ್ಟೇ ಅಲ್ಲಿ ನಡೆಯುತ್ತದೆ. ಅಂಥ ಗಾಡಿ ಇದ್ದದ್ದು ಮುರ್ತುಜಾಸಾಬನ ಹತ್ತಿರ. ಸರಕಾರಿ ಹರಾಜಿನಲ್ಲಿ ಹಿಡಿದ ಆ ಪಿಕಪ್ಪಿನಲ್ಲಿ ಅವನು ಇಪ್ಪತ್ತೆಂಟು ವರ್ಷ ತಿಕೋಟಾದ ತೋಟಗಳಿಂದ ದ್ರಾಕ್ಷಿ ಹೊತ್ತು ತಂದಿದ್ದ. ಮಳೆಗಾಲದಲ್ಲಿ ನಿಡೋಣಿಯ ಎಷ್ಟೋ ಹೆಣಗಳನ್ನು ಹಳ್ಳ ದಾಟಿಸಿದ್ದ. ಇವತ್ತು ಸರದಿ ಅವನದೇ.

"ಹಿಂದ ಹತ್ತು ಮಂದಿ ಕುಂದರಬಹುದು," ಶಿವಯೋಗೆಪ್ಪ ಎಂದ. ನಿಡೋಣಿಯ ಈ ರೈತ ಮುರ್ತುಜಾಸಾಬನ ಬಾಲ್ಯದ ಗೆಳೆಯ. "ಉಮರ, ನೀ ಮುಂದ ಬಾ."

ಉಮರ ಹಸೀನಾಳ ಅಣ್ಣನ ಮಗ; ಮುರ್ತುಜಾಸಾಬ ಅವನಿಗೆ ಫುಫಾ. ಗಾಂಧಿ ಚೌಕದಲ್ಲಿ ಮೊಬೈಲ್ ಅಂಗಡಿ. ಯಾರ ದನಿಯನ್ನಾದರೂ ತನ್ನ ಗಂಟಲಿಗೆ ಇಳಿಸಿಕೊಳ್ಳುವ ಚಟ. ಬೆಳಗಿನಿಂದ ಅತ್ತು ಅತ್ತು ಕಣ್ಣು ಊದಿದ್ದರೂ ಚಟ ಬಿಟ್ಟಿರಲಿಲ್ಲ.

"ಫುಫಾ ಇದ್ದಿದ್ರ ಈಗ ಏನಂತಿದ್ರು ಗೊತ್ತೇನ್ರಿ?" ಎಂದು ಕೊರಳು ಸಣ್ಣಗೆ ಕೆರೆದುಕೊಂಡ. ಮುರ್ತುಜಾಸಾಬನ ಬೀಡಿದನಿ ಅಂಗಳಕ್ಕೆ ಇಳಿಯಿತು. "ಗ್ಯಾರೇಜಿಗೆ ಹೋದ ಗಾಡಿ, ದವಾಖಾನಿಗೆ ಹೋದ ಮನಷ್ಯಾ, ಹೋದಂಗ ತಿರಗಿ ಬರೂದಿಲ್ಲ ತಮ್ಮಾ. ಒಳಗಿನ ಸಾಮಾನು ಬದಲಾಗಿ ಬರ್ತಾವು."

ಕುರ್ಚಿಗಳ ಮೇಲಿದ್ದವರು ಕಣ್ಣೊರೆಸಿಕೊಳ್ಳುತ್ತಲೇ ನಕ್ಕರು. ನಕ್ಕದ್ದೇ ತಪ್ಪಾಯಿತು, ಉಮರ ಮುಂದುವರಿದ. "ಹಸೀನಾ, ಹಿಡಿ. ಹಿಡದ ಇರು. ನಾ ಬಿಡು ಅನ್ನೂತನಕ ಕಾಲು ತಗೀಬ್ಯಾಡ."

ಪರದೆಯ ಹಿಂದೆ ಹಸೀನಾಳ ಬಲಗಾಲು ತಾನಾಗಿ ನೆಲವನ್ನು ಒತ್ತಿತು.

*

ನಿನ್ನೆ ಸಂಜೆಯ ಅಸರ್ ನಮಾಜಿನ ಹೊತ್ತಿಗೆ ಅವಳು ಇದೇ ಗಾಡಿಯ ಸೀಟಿನಲ್ಲಿದ್ದಳು.

ಬ್ರೇಕಿನ ಕೊಳವೆಯಲ್ಲಿ ಗಾಳಿ ಹೊಕ್ಕರೆ ಅದನ್ನು ಹೊರಗೆಡಹಲು ಇಬ್ಬರು ಬೇಕು. ಒಬ್ಬರು ಮೇಲೆ ಕೂತು ಪೆಡಲ್ ತುಳಿದು ಹಿಡಿಯಬೇಕು. ಇನ್ನೊಬ್ಬರು ಕೆಳಗೆ ಮಲಗಿ ಗಾಲಿಯ ಹಿಂದಿನ ಸಣ್ಣ ತಿರುಪು ಸಡಿಲಿಸಿ, ಆಯಿಲಿನ ಜೊತೆ ಗುಳ್ಳೆ ಹೊರಬಿದ್ದ ಮೇಲೆ ಬಿಗಿಯಬೇಕು. ಬಿಗಿಯುವ ಮೊದಲೇ ಕಾಲು ತೆಗೆದರೆ ಗಾಳಿ ಮತ್ತೆ ಒಳಗೆ, ಕೆಲಸ ಮತ್ತೆ ಮೊದಲಿಂದ. ಮದುವೆಯಾದ ಹೊಸದರಲ್ಲಿ ಹಸೀನಾ ಹಾಗೊಮ್ಮೆ ಕಾಲು ತೆಗೆದು, ಮೂರು ದಿನ ಅವನಿಂದ ಮಾತು ಕೇಳಿದ್ದಳು. ಆಮೇಲೆ ಅವಳ ಕಾಲು ಅವನ ದನಿಯನ್ನಷ್ಟೇ ಕೇಳುತ್ತಿತ್ತು.

ಹಿಂದಿನ ಎರಡೂ ಗಾಲಿ ಮುಗಿದಿದ್ದವು. ಮುಂದಿನ ಎಡಗಡೆಯದಕ್ಕೆ ಅವನು ನುಸುಳುವಾಗ ಎದೆ ನೀವಿಕೊಂಡದ್ದನ್ನು ಅವಳು ನೋಡಿದ್ದಳು.

"ಏನಾತ್ರಿ?"

"ಹೊಟ್ಯಾಗ ಗ್ಯಾಸ್. ಮೊದಲ ಬ್ರೇಕಿನ ಗಾಳಿ ತಗೀತೇನಿ, ಆಮ್ಯಾಲೆ ನಂದು. ಹಿಡಿ."

ಮಸೀದಿಯಲ್ಲಿ ಅಜಾನ್ ಶುರುವಾಯಿತು. ಕಾಲ ಕೆಳಗೆ ಪೆಡಲ್ ಮೆಲ್ಲಗೆ ತಳಕ್ಕಿಳಿಯಿತು. ತಿರುಪು ಬಿಚ್ಚಿದ್ದಾನೆ ಎಂದು ಗೊತ್ತಾಯಿತು. ತಿರುಪು ತಿರುಗಿಸುವ ಪಾನಾ ಕಲ್ಲಿನ ಮೇಲೆ ಬಿದ್ದ ಸದ್ದು ಬಂತು. ಬಿಡು ಎನ್ನುವ ಮಾತು ಬರಲಿಲ್ಲ. ಅಜಾನ್ ಮುಗಿಯಿತು. ಒಲೆಯ ಮೇಲಿಟ್ಟ ಬೇಳೆ ಸೀದ ವಾಸನೆ ಬಂತು. ಗುಳ್ಳೆ ಎಣಿಸಾಕತ್ತಾನ ಎಂದು ಮನಸ್ಸಿನಲ್ಲೇ ಬೈದುಕೊಂಡಳು. ಬೈಯುತ್ತಲೇ ಹಿಡಿದು ಕೂತಳು.

ಕೊನೆಗೆ ಇಳಿದು ಬಗ್ಗಿದಾಗ ಅವನ ಕಣ್ಣು ತೆರೆದೇ ಇದ್ದವು. ಗಾಲಿಯ ಹಿಂಭಾಗವನ್ನೇ ನೋಡುತ್ತಿದ್ದವು.

ಓಡಿಬಂದ ಓಣಿಯ ಮಂದಿಗೆ ಅವಳು ಹೇಳಿದ್ದು ಬೇರೆ: "ನಾ ಒಳಗ ಇದ್ದೆ. ಬಂದು ನೋಡೂದ್ರಾಗ ಹೋಗಿಬಿಟ್ಟಿದ್ರು."

*

"ಕಡೀಗೆ ಬಾಯಾಗ ಒಂದು ಹನಿ ನೀರು ಬೀಳಲಿಲ್ಲ ನನ್ನ ತಮ್ಮಗ," ಮಾಸುಮಬಿ ಒಳಗೆ ಹೆಂಗಸರಿಗೆ ಹೇಳುತ್ತಿದ್ದಳು. ಮುರ್ತುಜಾಸಾಬನ ಅಕ್ಕ, ಎಪ್ಪತ್ತೈದರ ಮುದುಕಿ, ಮಾತು ಮಾತ್ರ ಇಪ್ಪತ್ತೈದರದು. "ಕಿವ್ಯಾಗ ಕಲಮಾ ಹೇಳವ್ರಿಲ್ಲ. ಯಾರರ ಸನೇಕ ಇದ್ದಿದ್ರ... ಇರಲಿ. ಇಕಿ ಒಳಗಿದ್ಳು, ಏನ ಮಾಡ್ಯಾಳು."

ಹಸೀನಾ ಪರದೆಯ ಅಂಚನ್ನು ಮುಷ್ಟಿಯಲ್ಲಿ ಹಿಡಿದಳು. ಹೊರಗೆ ಗಂಡಸರು ಗಾಡಿಯ ಹಿಂಭಾಗಕ್ಕೆ ಚಾಪೆ ಹಾಸುತ್ತಿದ್ದರು. ಅವನು ಬಿಡು ಅಂದಿರಲಿಲ್ಲ. ಬಿಡು ಅಂದಿಲ್ಲ ಎಂದರೆ ತಿರುಪು ಪೂರ್ತಿ ಬಿಗಿಯಾಗಿಲ್ಲ. ಇಲ್ಲಿ ಅಂಗಳದಲ್ಲಿ ಹಗುರ ತುಳಿತಕ್ಕೆ ತಡೆದೀತು; ಹಳ್ಳದ ಇಳಿಜಾರಿನಲ್ಲಿ, ಹನ್ನೆರಡು ಮಂದಿಯ ಭಾರಕ್ಕೆ, ಶಿವಯೋಗೆಪ್ಪ ಮೈಯೆಲ್ಲ ಬಿಟ್ಟು ತುಳಿದಾಗ? ತಿರುವಿನ ಬಾವಿ ಅವಳ ಕಣ್ಣ ಮುಂದೆ ಬಂತು. ಹೇಳಿದರೆ ಮಾಸುಮಬಿ ಕೇಳುವ ಪ್ರಶ್ನೆಯೂ ಬಂತು. ಎರಡರಲ್ಲಿ ಯಾವುದರ ತಳ ಹೆಚ್ಚು ಆಳ ಎಂದು ತಿಳಿಯಲಿಲ್ಲ.

ಗಾಡಿ ಸ್ಟಾರ್ಟಾಯಿತು.

"ಹಸೀನಾ, ಎಲ್ಲಿಗೆ ಹೊಂಟಿಬೇ? ಗಂಡ ಸತ್ತಾಕಿ ಇದ್ದತ್‌ನ್ಯಾಗ ಗಂಡಸರ ಮುಂದ..." ಮಾಸುಮಬಿಯ ಮಾತು ಮುಗಿಯುವುದರೊಳಗೆ ಅವಳು ಮುಸುಕೆಳೆದುಕೊಂಡು ಅಂಗಳ ದಾಟಿ ಬಾನೆಟ್ಟಿನ ಮೇಲೆ ಕೈಯಿಟ್ಟಿದ್ದಳು.

"ಒಯ್ಯಬ್ಯಾಡ್ರಿ ಅಣ್ಣಾ. ಮುಂದಿನ ಎಡಗಾಲಿ ತಿರುಪು ಬಿಗಿ ಆಗಿಲ್ಲ."

ಶಿವಯೋಗೆಪ್ಪ ಇಂಜಿನ್ ನಿಲ್ಲಿಸಿದ. "ನಿಮಗ ಹ್ಯಾಂಗ ಗೊತ್ತ ಭಾಬಿ?"

"ಪೆಡಲ್ ಮ್ಯಾಲ ನಾನ ಇದ್ದೆ."

ಉಮರ ಬಾಯಿ ತೆರೆದ, ಯಾರ ದನಿಯೂ ಹೊರಡಲಿಲ್ಲ. ಬಾಗಿಲಲ್ಲಿ ಬಂದು ನಿಂತ ಮಾಸುಮಬಿ ತಣ್ಣಗೆ ಕೇಳಿದಳು.

"ಎಷ್ಟೊತ್ತು?"

"ಅಜಾನ್ ಶುರು ಆದಾಗ ಹಿಡಿ ಅಂದ್ರು. ಅಜಾನ್ ಮುಗೀತು. ಬ್ಯಾಳಿ ಸೀದು ಹೋತು. ನಾ ಹಿಡಕೊಂಡ ಕುಂತಿದ್ದೆ."

"ಕೂಗಿ ಕೇಳಲಿಲ್ಲೇನು?"

"ಕೇಳಿದ್ರ ಬೈತಿದ್ರಲ್ಲ ಅಕ್ಕಾ."

ಮಾಸುಮಬಿ ಹೊಸ್ತಿಲ ಮೇಲೆ ಕುಸಿದು ಕೂತಳು. ಶಿವಯೋಗೆಪ್ಪ ಬಿಳಿ ಅಂಗಿಯಲ್ಲೇ ಕೆಸರಿನ ಮೇಲೆ ಅಂಗಾತ ಮಲಗಿ ಗಾಡಿಯ ಕೆಳಗೆ ನುಸುಳಿದ. ಹೊರಬಂದಾಗ ಬೆರಳ ತುದಿ ಆಯಿಲಿನಿಂದ ಮಿನುಗುತ್ತಿತ್ತು.

"ತಿರುಪು ಅರ್ಧಾ ಬಿಗದೈತಿ, ಎರಡು ಎಳೆ ಮ್ಯಾಲ ನಿಂತೈತಿ," ಎಂದ. ಬೆರಳನ್ನು ಬಿಳಿ ಅಂಗಿಗೇ ಒರೆಸಿಕೊಂಡ. "ಪಾನಾ ಕೊಡ ಉಮರ. ಮ್ಯಾಲ ಯಾರರ ಕುಂಡ್ರಬೇಕು."

ಉಮರ ಹತ್ತಿ ಕೂತ. ಅವನಿಗೆ ಆಟೊಮ್ಯಾಟಿಕ್ ಸ್ಕೂಟರಿನ ಅಭ್ಯಾಸ. ಒಮ್ಮೆ ಬೇಗ ಬಿಟ್ಟ, ಇನ್ನೊಮ್ಮೆ ಕ್ಲಚ್ಚನ್ನೇ ತುಳಿದ. ಮೂರನೆಯ ಸಲಕ್ಕೆ ಹಸೀನಾ ಬಾಗಿಲು ತೆರೆದು ಅವನನ್ನು ಇಳಿಸಿದಳು. ತಾನು ಕೂತಳು. ಆದರೆ ಕಾಲು ಪೆಡಲಿನ ಮೇಲೆ ಹೋಗಿ ನಿಂತದ್ದು ನಿಂತೇ ಬಿಟ್ಟಿತು, ಒತ್ತಲು ಬರಲಿಲ್ಲ. ಕೆಳಗಿನಿಂದ ಸದ್ದಿರಲಿಲ್ಲ.

"ಅಣ್ಣಾ?" ಎಂದಳು. "ಅಣ್ಣಾ, ಅದೀರಿಲ್ಲೋ?"

"ಅದೇನಿ ಭಾಬಿ, ಅದೇನಿ. ನಾ ಮಾತಾಡಕೋತನ ಇರ್ತೇನಿ, ನೀವು ತುಳೀರಿ. ನನ್ನ ಮಾತು ನಿಂತಿತಂದ್ರ ಎಲ್ಲಾ ಬಿಟ್ಟು ಇಳದ ಬರ್ರಿ." ಅವನು ಶುರುಮಾಡಿದ. ತನ್ನ ಮೊಣಕಾಲು ನೋವು, ಹೆಂಡತಿ ರುದ್ರವ್ವ ಸಾಕಿದ ಎಮ್ಮೆಯ ಸಿಟ್ಟು, ಸಾಲಿಯಲ್ಲಿ ಮುರ್ತುಜಾ ತನ್ನ ಬುತ್ತಿ ಕದ್ದು ತಿಂದು ಬೆಕ್ಕಿನ ಮೇಲೆ ಹಾಕಿದ್ದು. ಕುರ್ಚಿಯಲ್ಲಿದ್ದವರು ಎದ್ದು ನಿಂತು ನೆಲದೊಳಗಿಂದ ಬರುತ್ತಿದ್ದ ಆ ಮಾತನ್ನು ಕೇಳಿದರು. ಎಮ್ಮೆ ರುದ್ರವ್ವನನ್ನು ಒದೆಯುವ ಹೊತ್ತಿಗೆ ಎಡಗಾಲಿಯ ತಿರುಪು ಬಿಗಿಯಾಯಿತು. ಬೆಕ್ಕಿಗೆ ಏಟು ಬೀಳುವ ಹೊತ್ತಿಗೆ ಬಲಗಡೆಯದೂ ಮುಗಿಯಿತು.

ಜನಾಜಾ ಗಾಡಿಗೆ ಏರಿತು. ಗಾಡಿ ಮಸೀದಿಯತ್ತ ಹೊರಟಿತು.

ಹಸೀನಾ ಮಾಳಿಗೆ ಹತ್ತಿದಳು. ಸ್ವಲ್ಪ ಹೊತ್ತಿಗೆ ಮಾಸುಮಬಿ ಏದುಸಿರು ಬಿಡುತ್ತ ಹತ್ತಿ ಬಂದು, ನಾಲ್ಕು ಮಾರು ದೂರದಲ್ಲಿ ನಿಂತಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಕೆಳಗೆ ಜೋರಾಪುರ ಪೇಟೆಯ ಓಣಿ ಇಳಿದು ದೊಡ್ಡ ರಸ್ತೆಗೆ ಸೇರುವಲ್ಲಿ ಗಾಡಿಯ ವೇಗ ಹೆಚ್ಚಿತು. ಆಗಲೇ ಸಂದಿಯಿಂದ ಒಂದು ಆಡು, ಹಿಂದೆ ಎರಡು ಮರಿ, ರಸ್ತೆಗೆ ಬಂದವು.

ಹಿಂದಿನ ಕೆಂಪು ದೀಪ ಹೊತ್ತಿತು. ಗಾಡಿ ನಿಂತಿತು. ಮೇಲೆ ಕೂತವರೆಲ್ಲ ಒಟ್ಟಿಗೆ ಮುಂದಕ್ಕೆ ಬಾಗಿ, ಒಟ್ಟಿಗೆ ಹಿಂದಕ್ಕೆ ಬಂದರು. ನಡುವೆ ಜನಾಜಾದ ಮೇಲೆ ಹೊದಿಸಿದ್ದ ಹೂವಿನ ಚಾದರ ಒಂದು ಗೇಣೂ ಜರುಗಲಿಲ್ಲ. ದೊಡ್ಡ ಆಡು ದಾಟಿತು, ಒಂದು ಮರಿ ದಾಟಿತು. ಇನ್ನೊಂದು ಗಾಡಿಯ ಮುಂದೆ ನಿಂತು, ತಲೆಯೆತ್ತಿ ನೋಡುತ್ತ, ಅಲ್ಲೇ ಉಳಿಯಿತು.