ಓರೆ ಅಂಚು

ಗಾಬರಿ ಊಟ ಮುಗಿಸಿ ಬರುವಷ್ಟರಲ್ಲಿ ಅತ್ತಿಗೆ ಅವಳು ಓರೆಯಾಗಿ ಹೊಲಿದಿದ್ದ ನೀಲಿ ಗೌನಿನ ಅಂಚನ್ನು ನೆಟ್ಟಗೆ ಮಾಡಿ ಇಸ್ತ್ರಿಯನ್ನೂ ಹಾಕಿಬಿಟ್ಟಿದ್ದರು. ಜಗಳ ಶುರುವಾದದ್ದು ಅಲ್ಲಿಂದ. ಜಗಳವೆಂದರೆ, ಅತ್ತಿಗೆ ಮಾತಾಡಿದರು, ಗಾಬರಿ ಅತ್ತಳು.

ಗಾಬರಿ ಎನ್ನುವುದು ಅತ್ತಿಗೆಯೇ ಇಟ್ಟ ಹೆಸರು. ಅವರ ತಮ್ಮನ ಹೆಂಡತಿಯಾಗಿ ಬಂದು ಅವರ ಹೊಲಿಗೆ ಅಂಗಡಿ ಸೇರಿದಾಗಿನಿಂದ ಅವಳು ಒಂದು ಗುಂಡಿ ಹಚ್ಚಿದರೂ ಎಳೆದೆಳೆದು ನೋಡಿ, ಕೊನೆಗೆ ಅದನ್ನು ಕಿತ್ತು ಮತ್ತೆ ಹಚ್ಚುತ್ತಿದ್ದಳು. ಅಂಗಡಿಯಲ್ಲಿ ಶಾಲೆ, ಆಸ್ಪತ್ರೆಗಳ ಯೂನಿಫಾರಂ ಬಿಟ್ಟರೆ ಬೇರೆ ಕೆಲಸವಿಲ್ಲ. ಎಲ್ಲಾದರೂ ಕೂದಲೆಳೆಯಷ್ಟು ಸೊಟ್ಟ ಕಂಡರೆ ಸಾಕು, ಅತ್ತಿಗೆಯ ಕೈ ತಾನಾಗಿ ತಮ್ಮ ಕಾಲರಿಗೆ ಹೋಗುತ್ತಿತ್ತು. ಕಾಲರಿನ ಹಿಂಬದಿಯಲ್ಲಿ ಸದಾ ಗುಂಡುಸೂಜಿಗಳ ಸಾಲು. ಒಮ್ಮೆ ಬಸ್ಸಿನಲ್ಲಿ ಮುಂದೆ ನಿದ್ದೆ ಹೋಗಿದ್ದ ಅಪರಿಚಿತರೊಬ್ಬರ ಹರಿದ ತೋಳಿಗೆ ಪಿನ್ನು ಹಾಕಿ ಸರಿಮಾಡಿದ್ದರು. ಆ ಪ್ರಯಾಣಿಕರು ಎಚ್ಚರಗೊಳ್ಳದೆಯೇ ಇಳಿಯುವ ಜಾಗ ದಾಟಿಹೋದರು, ಆದರೆ ತೋಳು ಅಚ್ಚುಕಟ್ಟಾಗಿತ್ತು.

ಗಾಬರಿಯ ಆಸೆ ಒಂದೇ. ತಾನೇ ಯೋಚಿಸಿ ಹೊಲಿದ ಒಂದು ಬಟ್ಟೆ ಅಂಗಡಿಯ ಮುಂದಿನ ಗಾಜಿನ ಕಿಟಕಿಯಲ್ಲಿ ನಿಲ್ಲಬೇಕು.

"ಒಂದು ಕಡೆ ಮೊಣಕಾಲು, ಇನ್ನೊಂದು ಕಡೆ ಹಿಮ್ಮಡಿ! ನೋಡ್ದೋರು ನಂಗೆ ಕಣ್ಣು ಮಂಜಾಯ್ತು ಅಂದ್ಕೋತಾರೆ ಕಣೇ," ಎಂದರು ಅತ್ತಿಗೆ.

"ದೊಡ್ಡ ದೊಡ್ಡ ಡಿಸೈನರುಗಳೂ ಹೀಗೆ ಮಾಡ್ತಾರೆ ಅತ್ತಿಗೆ."

"ಎಲ್ಲಿ, ಒಂದಾದ್ರೂ ತೋರ್ಸು. ಕಿಟಕಿ ನಿಂದೇ."

ಹಾಗಾಗಿ ರಜೆಯ ದಿನ ಇಬ್ಬರೂ ಬೆಳಗಿನ ಬಸ್ಸು ಹಿಡಿದು, ದೊಡ್ಡ ಊರಿನ ಫ್ಯಾಷನ್ ಪ್ರದರ್ಶನಕ್ಕೆ ಹೋದರು.

ಸಭಾಂಗಣ ತಣ್ಣಗೆ, ಅರೆಗತ್ತಲಾಗಿತ್ತು. ಉಡುಪು ತೊಡಿಸಿದ್ದ ಗೊಂಬೆಗಳಿಗೆ ತಲೆಯಿರಲಿಲ್ಲ.

"ತಲೆ ಮಾಡೋ ಅಷ್ಟರಲ್ಲಿ ದುಡ್ಡು ಖಾಲಿಯಾಯ್ತೇನೋ," ಎಂದರು ಅತ್ತಿಗೆ. ಗರಿಗಳ ಉಡುಪಿನ ಮುಂದೆ ನಿಂತು, ಪಕ್ಕದಲ್ಲಿದ್ದವರನ್ನು "ಇದನ್ನ ಒಗೆಯೋದು ಹೇಗಂತೆ?" ಎಂದು ಕೇಳಿದರು. ಅವರು ಸರಿದುಹೋದರು.

ನಡುಮಧ್ಯೆ, ಹಗ್ಗದ ಬೇಲಿಯೊಳಗೆ, ಒಂದು ಬಿಳಿ ಗೌನು. ಅಂಚು ಎಡಕ್ಕೆ ಮೇಲೇರಿ ಬಲಕ್ಕೆ ನೆಲ ಮುಟ್ಟಿತ್ತು. ಗಾಬರಿ ಅತ್ತಿಗೆಯ ತೋಳು ಹಿಡಿದೆಳೆದಳು.

"ಅತ್ತಿಗೆ, ಇದೇ."

ಅತ್ತಿಗೆ ಬಹಳ ಹೊತ್ತು ನೋಡಿದರು. "ಪಾಪ," ಎಂದರು. "ಅರ್ಜೆಂಟಲ್ಲಿ ಕಳ್ಸಿದಾರೆ."

ಇದರ ವಿವರ ಎಲ್ಲಾದರೂ ಬರೆದಿರಬೇಕೆಂದು ಗಾಬರಿ ಗೋಡೆಯತ್ತ ಹೋದಳು. ಬೋರ್ಡಿನ ಮುಂದೆ ಜನ ಗುಂಪುಗಟ್ಟಿದ್ದರಿಂದ ಏನೂ ಕಾಣದೆ ವಾಪಸು ಬಂದರೆ, ಅತ್ತಿಗೆ ಹಗ್ಗದೊಳಗೆ ಮಂಡಿಯೂರಿ ಕೂತಿದ್ದರು. ಬಾಯಲ್ಲಿ ಕೊನೆಯ ಪಿನ್ನು. ಗೌನಿನ ಅಂಚು ಸುತ್ತಲೂ ಸ್ಕೇಲಿಟ್ಟ ಹಾಗೆ ನೆಟ್ಟಗಿತ್ತು.

"ಈಗ ನೋಡು," ಎಂದು ಅತ್ತಿಗೆ ಎದ್ದು, ಕೈ ಕೊಡವಿಕೊಂಡು ಮುಂದಿನ ಗೊಂಬೆಯತ್ತ ನಡೆದರು.

ಸುಮ್ಮನೆ ಹೊರಟುಬಿಡಬಹುದಿತ್ತು, ಯಾರೂ ನೋಡಿರಲಿಲ್ಲ. ಆದರೆ ಆ ಡಿಸೈನರ್ ಊಟ ಮುಗಿಸಿ ಬಂದು ಇದನ್ನು ನೋಡಿದರೆ? ಆ ಸಂಕಟ ತನಗೆ ಗೊತ್ತಿದ್ದದ್ದೇ. ಗಾಬರಿ ಹಗ್ಗದಡಿ ನುಸುಳಿ ಪಿನ್ನು ಕೀಳತೊಡಗಿದಳು. ಸೆಕ್ಯುರಿಟಿಯವನು ಬಂದದ್ದು ಆಗ.

ಆಫೀಸಿನಲ್ಲಿ ಕನ್ನಡಕದ ಮೇಡಂ ಒಬ್ಬರು ಕೂತಿದ್ದರು. ಗಾಬರಿ ಹಗ್ಗ ದಾಟಿದ್ದಕ್ಕೆ ಕ್ಷಮೆ ಕೇಳಿದಳು. ಚೀಲದಲ್ಲಿ ನೀರಿನ ಬಾಟಲಿ ತಂದಿದ್ದಕ್ಕೂ ಕೇಳಿದಳು. ಅತ್ತಿಗೆಯ ಮಾತೆತ್ತಲಿಲ್ಲ. ಕಿಟಕಿ ಕೈತಪ್ಪಿತು ಎಂದುಕೊಳ್ಳುತ್ತಿರುವಾಗ ಬಾಗಿಲು ತೆರೆಯಿತು.

"ಅವಳನ್ನ ಯಾಕೆ ಕೂರಿಸ್ಕೊಂಡಿದೀರಿ?" ಎಂದರು ಅತ್ತಿಗೆ. "ಚುಚ್ಚಿದ್ದು ನಾನು. ಅವಳು ಬಿಚ್ತಿದ್ಲು."

"ಯಾಕಮ್ಮ ಚುಚ್ಚಿದ್ರಿ?"

"ಸೊಟ್ಟ ಇತ್ತು."

"ಅದು ಇರೋದೇ ಹಾಗೆ."

"ಯಾರು ಹೇಳಿದ್ದು?"

"ಬೋರ್ಡಲ್ಲಿ ಬರೆದಿದೆಯಲ್ಲ!"

ಮೇಡಂ ಅವರನ್ನು ಬೋರ್ಡಿನ ಮುಂದೆ ನಿಲ್ಲಿಸಿದರು. ಅಂಚನ್ನು ಉದ್ದೇಶಪೂರ್ವಕವಾಗಿ ಓರೆಯಾಗಿ ಬಿಡಲಾಗಿದೆ ಎಂದಿತ್ತು. ಅತ್ತಿಗೆ ಬೆರಳಿಟ್ಟು ಓದಿದರು. ಕೆಳಗಿದ್ದ ಡಿಸೈನರಿನ ಹೆಸರನ್ನೂ ಓದಿದರು. ಆಮೇಲೆ ತಾವೇ ಮಂಡಿಯೂರಿ, ಉಳಿದ ಪಿನ್ನುಗಳನ್ನು ಬಟ್ಟೆಗೆ ಒಂದು ಗುರುತೂ ಬೀಳದಂತೆ ತೆಗೆದುಕೊಟ್ಟರು. ಇನ್ನು ಇಲ್ಲಿಗೆ ಬರಬೇಡಿ ಎಂದರು ಮೇಡಂ. ಅಂಥ ಯೋಚನೆಯೇನಿಲ್ಲ ಎಂದರು ಅತ್ತಿಗೆ.

ಇಬ್ಬರೂ ಊರಿಗೆ ವಾಪಸು ಬಸ್ಸು ಹತ್ತಿದರು.

"ನಿನ್ನ ಗೌನಿನ ಹೊಲಿಗೆ ನಾನೇ ಬಿಚ್ಕೊಡ್ತೀನಿ," ಎಂದರು ಅತ್ತಿಗೆ. "ಕಿಟಕೀಲಿ ನಿಲ್ಸು. ಆದ್ರೆ ಪಕ್ಕದಲ್ಲಿ ಬೋರ್ಡು ಇರ್ಲೇಬೇಕು. ಬೇಕಂತಲೇ ಸೊಟ್ಟ ಅಂತ."

"ಹೂಂ ಅತ್ತಿಗೆ."

"ಕೆಳಗೆ ನಿನ್ನ ಹೆಸ್ರು. ದಪ್ಪಕ್ಷರದಲ್ಲಿ, ರಸ್ತೆಯಾಚೆಗೂ ಕಾಣ್ಬೇಕು. ನಾನು ಹೊಲಿದಿದ್ದು ಅಂತ ಒಬ್ರೂ ತಿಳ್ಕೋಬಾರ್ದು."

ಗಾಬರಿ ಯೋಚಿಸಿದಳು. "ಎಷ್ಟು ದಪ್ಪ ಅತ್ತಿಗೆ?"

ಅತ್ತಿಗೆ ಮುಂದಿನ ಸೀಟಿನ ಬೆನ್ನಿನ ಮೇಲೆ ಗೇಣು ಬಿಡಿಸಿ ತೋರಿಸಿದರು. ಗಾಬರಿ ಅದರ ಪಕ್ಕಕ್ಕೆ ತನ್ನ ಗೇಣಿಟ್ಟು, ಬೆರಳುಗಳನ್ನು ನೋಯುವಷ್ಟು ಚಾಚಿದಳು.

"ಇಷ್ಟಿರ್ಲಾ?"

"ಇರ್ಲಿ," ಎಂದು ಅತ್ತಿಗೆ ಕಣ್ಣು ಮುಚ್ಚಿದರು. "ನಂಗೇನು."