ಕಿವಿಗೊಂದು ಮುಡಿಪು

ಆ ಬೆಳಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಆಸ್ಪತ್ರೆಯ ಗೇಟಿನ ಮುಂದೆ ಚಹಾ ಮಾರುವವನು ಕಣ್ಣಿಗೆ ಕಾಣುವ ಮೊದಲೇ ಅವನ ಲೋಟಗಳ ಸದ್ದು ಕಿವಿಗೆ ಬಿತ್ತು. ಮೆಟ್ರೋ ಇಳಿದು ಬಂದ ಪಂಕಜಾ ಆ ಸದ್ದನ್ನೇ ಹಿಡಿದುಕೊಂಡು ನಡೆದಳು. ಮರವಿಲ್ಲ, ರಸ್ತೆಯಿಲ್ಲ, ಎದುರಿನ ಏಳಂತಸ್ತಿನ ಕಟ್ಟಡವೂ ಇಲ್ಲ; ಭಗವಂತ ಇಡೀ ದೆಹಲಿಯನ್ನು ಒಂದು ಒದ್ದೆ ಪಂಚೆಯಲ್ಲಿ ಸುತ್ತಿ ಎತ್ತಿಟ್ಟ ಹಾಗಿತ್ತು.

"ಭಯ್ಯಾ, ಇದ್ದೀಯೋ, ನೀನೂ ಕರಗಿಹೋದೆಯೋ?" ಎಂದು ಹಿಂದಿಯಲ್ಲಿ ಕೂಗಿದಳು.

"ನಾನು ಇದ್ದೀನಿ ಸಿಸ್ಟರ್, ಸಕ್ಕರೆ ಕರಗ್ತಾ ಇದೆ," ಎಂದಿತು ಮಂಜಿನೊಳಗಿನ ದನಿ.

ನಗುತ್ತಲೇ ವಾರ್ಡಿಗೆ ಬಂದಳು. ಹಾಸನದ ಕಡೆಯ ಪಂಕಜಾ ಈ ಆಸ್ಪತ್ರೆಯ ಮೂಳೆ ವಾರ್ಡಿನಲ್ಲಿ ನರ್ಸಾಗಿ ಬಹಳ ವರ್ಷಗಳಾಗಿದ್ದವು. ರಾತ್ರಿ ಪಾಳಿ ಮುಗಿಸಿದ್ದ ಸರಳಾ, ಅಲ್ಮೋಡಾದ ಹುಡುಗಿ, ಇವಳಿಗಾಗಿಯೇ ಕಾಯುತ್ತಿದ್ದಳು.

"ದೀದಿ, ಕಿಟಕಿ ಪಕ್ಕದ ಮಂಚ ನೋಡಿ. ನಾರಾಯಣಸ್ವಾಮಿ ಅಂತ. ನಿಮ್ಮ ಕಡೆಯವರು. ಬಾತ್‌ರೂಮಿನಲ್ಲಿ ಜಾರಿ ಸೊಂಟ ಮುರಿದುಕೊಂಡು ನಿನ್ನೆ ಆಪರೇಷನ್ ಆಯಿತು. ಎಚ್ಚರ ಆದಾಗಿನಿಂದ ಬುದ್ಧಿ ಸ್ಥಿಮಿತದಲ್ಲಿಲ್ಲ. ಕೇಳಿದ್ದಕ್ಕೆ ಉತ್ತರವಿಲ್ಲ, ಆಕ್ಸಿಜನ್ ಪೈಪು ಕಿತ್ತು ಕಿತ್ತು ಹಾಕ್ತಾರೆ. ರೌಂಡ್ಸ್ ಹೊತ್ತಿಗೂ ಹೀಗೇ ಇದ್ದರೆ ಕೈ ಕಟ್ಟಿ, ಮಂಪರಿನ ಇಂಜೆಕ್ಷನ್ ಕೊಡೋಣ ಅಂದಿದ್ದಾರೆ ಡಾಕ್ಟರು. ನೀವು ನಿಮ್ಮ ಭಾಷೆಯಲ್ಲಿ ಮಾತಾಡಿಸಿ ನೋಡಿ."

ವಯಸ್ಸಾದವರಿಗೆ ಆಪರೇಷನ್ ಆದ ಮೇಲೆ ಬುದ್ಧಿ ಒಂದೆರಡು ದಿನ ಕದಡುವುದು ಹೊಸದೇನಲ್ಲ. ಆದರೆ ಕೈ ಕಟ್ಟಿ ಮಲಗಿಸಿದರೆ ಇವತ್ತು ಎದ್ದು ನಿಲ್ಲಬೇಕಾದ ಕಾಲು ನಿಲ್ಲುವುದಿಲ್ಲ. ಎದೆಯಲ್ಲಿ ಕಫ ಕಟ್ಟುತ್ತದೆ. ಹಾಗೆ ಮಲಗಿದವರಲ್ಲಿ ಕೆಲವರು ಮತ್ತೆ ಏಳದೇ ಹೋದದ್ದನ್ನು ಪಂಕಜಾ ಕಂಡಿದ್ದಳು. ಮನಸ್ಸಿನಲ್ಲೇ ದೇವರಿಗೆ ಕೈ ಮುಗಿದು ಮಂಚದ ಹತ್ತಿರ ಹೋದಳು.

"ಅಪ್ಪಾಜಿ, ನಮಸ್ಕಾರ. ನಾನು ಪಂಕಜಾ. ಹೇಗಿದ್ದೀರಿ?"

ಅವರು ಅವಳ ಮುಖದ ಮಾಸ್ಕನ್ನೇ ನೋಡಿದರು. ದನಿ ಏರಿಸಿ ಮತ್ತೆ ಕೇಳಿದಳು. ಅವರ ಹುಬ್ಬು ಗಂಟಿಕ್ಕಿತು; ಕೈ ಮೇಲೆದ್ದು ಪೈಪಿನ ಕಡೆ ಹೋಯಿತು. ಕನ್ನಡಕ್ಕೂ ಓಗೊಡಲಿಲ್ಲವೆಂದ ಮೇಲೆ ಇನ್ನೇನಿದೆ? ಸರಳಾ ಹೇಳಿದ್ದೇ ಸರಿ ಎಂದುಕೊಂಡು ಕೈ ಕಟ್ಟುವ ಬಟ್ಟೆಯ ಪಟ್ಟಿ ತರಲು ಹೊರಟೇಬಿಟ್ಟಳು.

ಪಟ್ಟಿ ಹಿಡಿದು ತಿರುಗಿ ಬಂದಾಗ ಅವರು ಇನ್ನೂ ತಡಕಾಡುತ್ತಿದ್ದರು. ಅವಳು ಕೂಡಲೇ ಕೈ ಹಿಡಿಯದೆ ನಿಂತು ನೋಡಿದಳು. ಮುದುಕರ ಬೆರಳು ಮೂಗಿಗೆ ಹೋಗಲೇ ಇಲ್ಲ. ನೆಟ್ಟಗೆ ಕಿವಿಗೆ ಹೋಯಿತು. ಕಿವಿಯ ಹಿಂದೆ ಏನನ್ನೋ ಸವರಿ ಹುಡುಕಿ, ಸಿಗದೆ, ಮೂಗಿನಿಂದ ಬಂದು ಅಲ್ಲಿ ಸುತ್ತಿಕೊಂಡಿದ್ದ ಪೈಪನ್ನು ಬೇಸರದಿಂದ ಎಳೆದು ಹಾಕಿತು. ಪಂಕಜಾ ಬಗ್ಗಿದಳು. ಕಿವಿಯ ಹಿಂದೆ, ದಿನವೂ ಕನ್ನಡಕ ಹಾಕುವವರ ಮೂಗಿನ ಮೇಲಿರುವಂಥ ಒಂದು ನುಣುಪಾದ ಗುಳಿ ಇತ್ತು.

"ಅಯ್ಯೋ ನನ್ನ ದೇವರೇ," ಎಂದಳು.

ಕುತ್ತಿಗೆಯಿಂದ ಸ್ಟೆತಾಸ್ಕೋಪ್ ತೆಗೆದು, ಸ್ಪಿರಿಟ್ಟಿನಲ್ಲಿ ಒರೆಸಿ, ಅದರ ಎರಡು ತುದಿಗಳನ್ನು ಅವರ ಕಿವಿಗಳಿಗೆ ಇಟ್ಟಳು. ಎದೆಗೆ ಒತ್ತುವ ಬಿಲ್ಲೆಯನ್ನು ತನ್ನ ಬಾಯಿಯ ಹತ್ತಿರ ಹಿಡಿದು, ದೇವರ ಮನೆಯಲ್ಲಿ ಮಾತಾಡುವಷ್ಟು ಮೆಲ್ಲಗೆ ಕೇಳಿದಳು: "ಅಪ್ಪಾಜಿ, ಕೇಳಿಸ್ತಾ?"

ಮುದುಕರ ಮುಖ ದೀಪ ಹಚ್ಚಿದ ಹಾಗಾಯಿತು.

"ಕೇಳಿಸದೇ ಏನಮ್ಮ! ನಿನ್ನೆಯಿಂದ ಎಲ್ಲ ಬಾಯಿಗೆ ಬಟ್ಟೆ ಕಟ್ಟಿಕೊಂಡು ಮೂಕರ ಹಾಗೆ ಓಡಾಡ್ತಾ ಇದ್ದೀರಿ. ಸತ್ತು ಬೇರೆ ಲೋಕಕ್ಕೆ ಬಂದೆನೇನೋ ಅಂದುಕೊಂಡೆ. ಆದರೆ ಸೊಂಟ ನೋಯ್ತಿತ್ತು. ಅಲ್ಲಿ ನೋಯಬಾರದಲ್ಲ?"

ಪಂಕಜಾಳಿಗೆ ನಗು, ಅಳು ಒಟ್ಟಿಗೇ ಬಂದವು. ಪಟ್ಟಿಯನ್ನು ಸುರುಳಿ ಸುತ್ತಿ ಜೇಬಿಗೆ ಹಾಕಿಕೊಂಡಳು. "ನಿಮ್ಮ ಕಿವಿ ಮಿಷನ್ ಎಲ್ಲಿ?"

"ಆಪರೇಷನ್ ಬಾಗಿಲಲ್ಲಿ ತೆಗೆದುಕೊಂಡರಮ್ಮ, ಉಂಗುರದ ಜೊತೆ. ನನ್ನ ಹೆಂಡತಿಯನ್ನ ಕೇಳಿ."

ಅವರ ಹೆಂಡತಿ ಲೀಲಾವತಿ ವಾರ್ಡಿನ ಬಾಗಿಲಾಚೆ ಬೆಂಚಿನ ಮೇಲೆ ಶಾಲು ಹೊದ್ದು ಕೂತಿದ್ದರು; ಕಿವಿಯ ಓಲೆಗಳು ಮಾತ್ರ ಹೊಳೆಯುತ್ತಿದ್ದವು. ಗಂಡ ಸರ್ಕಾರಿ ನೌಕರಿಯಿಂದ ನಿವೃತ್ತರಾದ ಮೇಲೆ ದಂಪತಿ ಲೋಧಿ ಕಾಲೋನಿಯ ಸರ್ಕಾರಿ ಮನೆ ಬಿಟ್ಟು ಘಾಜಿಯಾಬಾದಿನ ಫ್ಲ್ಯಾಟಿಗೆ ಹೋಗಿದ್ದರು. ಭೇಟಿಯ ಹೊತ್ತಲ್ಲವೆಂದು ಕಾವಲಿನವನು ಆಕೆಯನ್ನು ಒಳಗೆ ಬಿಟ್ಟಿರಲಿಲ್ಲ. ಪಂಕಜಾ ಕೇಳಿದ ಕೂಡಲೇ ಆಕೆಯ ಮುಖ ಬಿಳುಚಿತು.

"ಮಿಷನ್ನಾ? ಅದು ನಿಮ್ಮ ಹತ್ತಿರ ಇಲ್ಲವಾ? ನನಗೆ ಕೊಟ್ಟಿದ್ದು ಒಂದು ಕಾಗದದ ಪೊಟ್ಟಣ. ಉಂಗುರ ಅಂದುಕೊಂಡೆ... ಬಿಚ್ಚಿ ನೋಡಲಿಲ್ಲ ತಾಯಿ. ಹಾಗೇ ಮುಡಿಪು ಕಟ್ಟಿಬಿಟ್ಟೆ."

"ಮುಡಿಪಾ?"

"ಇವರು ಸುಖವಾಗಿ ಹೊರಗೆ ಬಂದರೆ ಈ ಪೊಟ್ಟಣ ನಿನಗೇ ಅಂತ ನಮ್ಮ ಮನೆದೇವರು ನರಸಿಂಹಸ್ವಾಮಿಗೆ ಹೇಳಿಕೊಂಡು, ಅರಿಶಿನದ ಬಟ್ಟೆಯಲ್ಲಿ ಗಂಟು ಹಾಕಿ ಮನೆಯಲ್ಲಿ ದೇವರ ಮುಂದಿಟ್ಟೆ. ಊರಿಗೆ ಹೋಗಿ ಹುಂಡಿಗೆ ಹಾಕೋವರೆಗೂ ಅದನ್ನ ಬಿಚ್ಚೋ ಹಾಗಿಲ್ಲ. ಅದೀಗ ನಮ್ಮದಲ್ಲಮ್ಮ, ದೇವರದು. ಬಿಚ್ಚಿದರೆ ಇವರಿಗೇ ಏನಾದರೂ ಆದರೆ?"

ಒಂದು ಬಟ್ಟೆಯ ಗಂಟು, ಬಿಚ್ಚಿ ತನ್ನಿ ಎನ್ನುವ ಮಾತು ಪಂಕಜಾಳ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡಳು. ಅವಳ ತಾಯಿಯೂ ಅವಳ ಜ್ವರಕ್ಕೆ ಹೀಗೆ ಮುಡಿಪು ಕಟ್ಟಿದವಳೇ. ಇವತ್ತು ಒತ್ತಾಯಕ್ಕೆ ಬಿಚ್ಚಿಸಿದರೆ, ನಾಳೆ ಗಂಡನಿಗೆ ಒಂದು ಕೆಮ್ಮು ಬಂದರೂ ಈಕೆ ಆ ಗಂಟನ್ನೇ ನೆನೆದು ಕೊರಗುತ್ತಾರೆ. ರೋಗಿಯನ್ನು ಉಳಿಸಿ ಮನೆಯವರನ್ನು ರೋಗಕ್ಕೆ ತಳ್ಳಿದ ಹಾಗಾಗುತ್ತದೆ.

"ಬನ್ನಿ ಅಮ್ಮ, ಮೊದಲು ಒಂದು ಮಾತು ಆಡಿ ಹೋಗಿ," ಎಂದು ಕಾವಲಿನವನಿಗೆ ಕಣ್ಣಲ್ಲೇ ಹೇಳಿ ಒಳಗೆ ಕರೆದುಕೊಂಡು ಹೋದಳು. ಬಿಲ್ಲೆಯನ್ನು ಆಕೆಯ ಕೈಗೆ ಕೊಟ್ಟಳು.

ಲೀಲಾವತಿ ಅದನ್ನು ಆರತಿಯ ತಟ್ಟೆಯ ಹಾಗೆ ಎರಡೂ ಕೈಯಲ್ಲಿ ಹಿಡಿದರು. "ರೀ... ನಾನು."

"ಲೀಲಾ! ನನ್ನ ಕಿವಿ ಎಲ್ಲಿಟ್ಟೆಯೇ?"

"ದೇವರ ಹತ್ತಿರ," ಎಂದು ಆಕೆ ಬಿಕ್ಕಿದರು.

"ಅವನಿಗೆ ಯಾಕೆ? ನೀನು ದಿನಾ ಗಂಟೆ ಹೊಡೆದು ಕೂಗೋದು ಅವನಿಗೂ ಕೇಳಿಸ್ತಿರಲಿಲ್ಲವಾ?"

ಅಳುತ್ತಿದ್ದವರು ನಕ್ಕುಬಿಟ್ಟರು. ಆಗ ಪಂಕಜಾ ಹೇಳಿದಳು: "ನಾನು ಬಿಚ್ಚಿ ಅನ್ನಲ್ಲ ಅಮ್ಮ, ಬೇಡ ಅಂತಲೂ ಅನ್ನಲ್ಲ. ಮನೆಗೆ ಹೋಗಿ ದೀಪ ಹಚ್ಚಿ, ಯಾರಿಗೆ ಕಟ್ಟಿದಿರೋ ಅವರನ್ನೇ ಕೇಳಿ. ಅಲ್ಲೀವರೆಗೆ ನನ್ನ ಸ್ಟೆತಾಸ್ಕೋಪು ಇವರ ಹತ್ತಿರ ಇರುತ್ತೆ."

ಲೀಲಾವತಿ ಹೊರಟುಹೋದರು.

ರೌಂಡ್ಸಿಗೆ ಬಂದ ಡಾಕ್ಟರ್ ವಿಕ್ರಮ್, ಸ್ಟೆತಾಸ್ಕೋಪ್ ತೊಟ್ಟು ದಿಂಬಿಗೊರಗಿದ್ದ ರೋಗಿಯನ್ನು ನೋಡಿ ಹೌಹಾರಿದರು. "ಅಚ್ಛಾ, ಇವತ್ತು ಇವರು ನಮ್ಮನ್ನು ಪರೀಕ್ಷೆ ಮಾಡ್ತಾರಾ?"

ಪಂಕಜಾ ವಿಷಯ ಹೇಳಿದಳು. ಡಾಕ್ಟರು ಬಿಲ್ಲೆ ಹಿಡಿದು ತಾವೇ ಇಂಗ್ಲಿಷಿನಲ್ಲಿ ನಾಲ್ಕು ಪ್ರಶ್ನೆ ಕೇಳಿದರು. ನಾರಾಯಣಸ್ವಾಮಿ ಕಚೇರಿಯ ಗತ್ತಿನಲ್ಲಿ ನಾಲ್ಕಕ್ಕೂ ಉತ್ತರ ಕೊಟ್ಟರು. "ಇಂಜೆಕ್ಷನ್ ಬೇಡ," ಎಂದರು ಡಾಕ್ಟರು. "ಕಿವಿಯ ವಿಷಯ ನಾನೂ ಕೇಳಬೇಕಿತ್ತು ಸಿಸ್ಟರ್. ಚಲೋ, ಎಬ್ಬಿಸಿ ನಿಲ್ಲಿಸಿ." ಹೋಗುವಾಗ ತಮ್ಮ ಸ್ಟೆತಾಸ್ಕೋಪನ್ನು ಅವಳ ಕುತ್ತಿಗೆಗೆ ಹಾಕಿ ಹೋದರು.

ಮಧ್ಯಾಹ್ನದ ಹೊತ್ತಿಗೆ ಮಂಜು ಕರಗಿ, ಕಿಟಕಿಯಲ್ಲಿ ತೆಳ್ಳಗೆ ಬಿಸಿಲು ಬಿತ್ತು. "ಎಡಗಾಲು ಮುಂದಕ್ಕೆ, ಅಪ್ಪಾಜಿ," ಎಂದು ಪಂಕಜಾ ಬಿಲ್ಲೆಯಲ್ಲಿ ಹೇಳಿದಳು. ಅವರು ವಾಕರ್ ಹಿಡಿದು ನಿಂತರು, ಒಂದು ಹೆಜ್ಜೆ ಇಟ್ಟರು, ಇನ್ನೊಂದನ್ನೂ ಇಟ್ಟರು. ಅವಳ ಕಣ್ಣು ಮಾತ್ರ ಮತ್ತೆ ಮತ್ತೆ ಬಾಗಿಲ ಕಡೆ ಹೋಗುತ್ತಿತ್ತು. ಪಾಳಿ ಮುಗಿಯುತ್ತ ಬಂದಿತ್ತು. ಸ್ಟೆತಾಸ್ಕೋಪಿನಲ್ಲಿ ಎಷ್ಟು ದಿನ ಬಾಳಲಾಗುತ್ತದೆ? ಆ ಮಿಷನ್ ಬರದಿದ್ದರೂ ಸರಿಯೇ, ಬೇರೆಯದು ಕೊಳ್ಳಲಿ, ಆಕೆಯ ಮನಸ್ಸು ಮುರಿಯದಿರಲಿ ಎಂದು ಬೇಡಿಕೊಂಡಳು.

ಅಷ್ಟರಲ್ಲಿ ಲೀಲಾವತಿ ಬಂದರು. ಮಡಿ ಸೀರೆ, ಹಣೆಗೆ ಕುಂಕುಮ. ಸೆರಗಿನ ತುದಿಯಿಂದ ಅರಿಶಿನ ಮೆತ್ತಿದ ಮಿಷನ್ ತೆಗೆದು ಗಂಡನ ಕಿವಿಗೆ ತಾವೇ ಸಿಕ್ಕಿಸಿದರು. ಅದು ಕುಂಯ್ ಎಂದಿತು. ಅವರು ಹಾಯಾಗಿ ಕಣ್ಣು ಮುಚ್ಚಿ ತೆರೆದರು.

ಆಗ ಪಂಕಜಾ ನೋಡಿದಳು. ಬೆಳಗ್ಗೆ ಆಕೆಯ ಕಿವಿಯಲ್ಲಿ ಹೊಳೆಯುತ್ತಿದ್ದ ಓಲೆಗಳಿರಲಿಲ್ಲ. ತೂತು ಮುಚ್ಚದಿರಲೆಂದು ಎರಡು ಬೇವಿನ ಕಡ್ಡಿಗಳಿದ್ದವು.

"ಉಂಗುರ ಹಾಗೇ ಇದೆ," ಎಂದರು ಲೀಲಾವತಿ ಮೆಲ್ಲಗೆ. "ಸ್ವಾಮೀ, ಕಿವಿ ತಗೊಂಡು ಕಿವಿದು ಇಡ್ತೀನಿ, ಒಪ್ಪಿಕೋ ಅಂದೆ. ಹೂವು ಬಲಗಡೆಗೆ ಬಿತ್ತು. ಮತ್ತೆ ಗಂಟು ಹಾಕಿ ಬಂದೆ."

ನಾರಾಯಣಸ್ವಾಮಿ ಹೆಂಡತಿಯ ಕಿವಿಯನ್ನೇ ನೋಡಿದರು. "ದೇವರಿಗೆ ಒಳ್ಳೆ ಲಾಭ ಕಣೆ," ಎಂದರು. ಆ ಕಡ್ಡಿಯನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿದರು.

ಹೊರಡಲೆಂದು ಪಂಕಜಾ ಅವರ ನಾಡಿ ಹಿಡಿದು ನೋಡುತ್ತಿದ್ದಾಗ, ಅವರು ಇನ್ನೊಂದು ಕೈಯಿಂದ ತಮ್ಮ ಕುತ್ತಿಗೆಯಲ್ಲಿದ್ದ ಅವಳ ಸ್ಟೆತಾಸ್ಕೋಪನ್ನು ತೆಗೆದರು. ಅದರ ತುದಿಗಳನ್ನು ಹೊದಿಕೆಯ ಅಂಚಿನಲ್ಲಿ ಒರೆಸಿ, ಕೊಳವೆಯನ್ನು ನೀಟಾಗಿ ಸುತ್ತಿ, ಅವಳ ಅಂಗೈಯಲ್ಲಿಟ್ಟರು.